ಏಳುದಿಬ್ಬದ ಕಾವಲು ಕಾದ ಯಂತ್ರ

ಮುಂದೆ ಹೋಗುತ್ತಿದ್ದ ಟಗರು ಇದ್ದಕ್ಕಿದ್ದಂತೆ ನಿಂತಿತು. ಅದರ ಎದುರಿಗೆ ಬೇಲಿ ಇರಲಿಲ್ಲ, ಗೋಡೆ ಇರಲಿಲ್ಲ, ಅಡ್ಡ ಕಟ್ಟಿದ ಹಗ್ಗ ಕೂಡ ಇರಲಿಲ್ಲ. ಮೊಣಕಾಲೆತ್ತರದ ಹುಲ್ಲು ಕಾರ್ತಿಕದ ಗಾಳಿಗೆ ಓಲಾಡುತ್ತಿತ್ತು, ಅಷ್ಟೇ. ಟಗರು ತಲೆ ಕೊಡವಿ ಇನ್ನೊಂದು ಹೆಜ್ಜೆ ಇಟ್ಟಿತು. ಮುಂಗಾಲು ಮಡಿಸಿ ಕುಸಿಯಿತು. ಮರುಕ್ಷಣ ಎದ್ದು, ಬಂದ ದಾರಿಯಲ್ಲೇ ಓಡಿತು. ಹಿಂದೆ ಬರುತ್ತಿದ್ದ ನೂರನಲವತ್ತು ಕಂಬಳಿ ಕುರಿಗಳೂ ಒಟ್ಟಿಗೆ ತಿರುಗಿ ನುಗ್ಗಿದವು. ನಡುವೆ ಸಿಕ್ಕಿಕೊಂಡ ಕಾಟಮ್ಮ ದೊಪ್ಪನೆ ಬಿದ್ದಳು.

ಎದ್ದು ಸೀರೆ ಕೊಡವಿಕೊಂಡು ನೋಡಿದಾಗ ಇಪ್ಪತ್ತು ಮಾರು ದೂರದಲ್ಲಿ ಆಳೆತ್ತರದ ಬೂದು ಕಂಬವೊಂದು ನಿಂತಿತ್ತು. ಅದರ ನೆತ್ತಿಯ ಕೆಂಪು ದೀಪ ಹಸಿರಾಯಿತು. ಹುಲ್ಲಿಗೆ ಬಂದ ಅಪಾಯ ತಪ್ಪಿತು ಎಂದು ಆ ಹಸಿರು ದೀಪದ ಅರ್ಥ.

ಕಂಬದ ಹೆಸರು ತೃಣರಕ್ಷಕ. ಹೆಸರಿಟ್ಟವರು ಹುಲ್ಲುಗಾವಲು ಹವಾಮಾನ ಪ್ರಾಧಿಕಾರದವರು. ಬಂಡೆಮೂಲೆ ಹಟ್ಟಿಯ ಜನರ ಬಾಯಲ್ಲಿ ಆ ಹೆಸರು ಒಂದೇ ವಾರದಲ್ಲಿ 'ರಾಕ್ಷಸ' ಎಂದಾಯಿತು. ನಾಲಗೆ ಹೊರಳದೆ ಹಾಗಾಯಿತೆಂದು ಪ್ರಾಧಿಕಾರದವರು ನಕ್ಕರು. ನಾಲಗೆ ಚೆನ್ನಾಗಿಯೇ ಹೊರಳಿತ್ತು.

ಏಳುದಿಬ್ಬದ ಕಾವಲು ಎಂಬ ಆ ಹುಲ್ಲುಗಾವಲನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡೆದು ದಾಟಲು ಪೂರಾ ಎರಡು ದಿನ ಬೇಕು. ನಡುನಡುವೆ ಏಳು ಕಲ್ಲುದಿಬ್ಬ, ಮಳೆ ಬಂದಾಗ ಮಾತ್ರ ಹರಿಯುವ ಮೂರು ಹಳ್ಳ, ಉಳಿದದ್ದೆಲ್ಲ ಹುಲ್ಲು. ಹಿಂದೆ ಇಲ್ಲಿ ಮಳೆ ಕಡಿಮೆಯಾದರೂ ಹದವಾಗಿ ಬೀಳುತ್ತಿತ್ತು. ಈ ಕಥೆ ನಡೆಯುವ ಹೊತ್ತಿಗೆ ವರ್ಷದ ಮಳೆಯೆಲ್ಲ ಹನ್ನೊಂದು ದಿನಗಳಲ್ಲಿ ಸುರಿದು ಮುಗಿಯುತ್ತಿತ್ತು. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಅಂಗೈ ಇಟ್ಟರೆ ಬೊಬ್ಬೆ ಏಳುತ್ತಿತ್ತು. ಆದರೂ ಹುಲ್ಲು ಉಳಿದಿತ್ತು. ಕಾಡು ತಾನು ಹೀರಿದ ಇಂಗಾಲದ ಬಹುಪಾಲನ್ನು ಕಾಂಡದಲ್ಲಿ ಹೊತ್ತು ನಿಂತರೆ, ಹುಲ್ಲು ಅದನ್ನು ಬೇರಿಗೆ ಇಳಿಸಿ ನೆಲದೊಳಗೆ ಹೂತಿಡುತ್ತದೆ. ಹುಲ್ಲುಗಾವಲನ್ನು ಬರಡು, ಪಾಳು ಎಂದು ನೂರು ವರ್ಷ ಹೀಗಳೆದ ಜನರಿಗೆ, ಭೂಮಿ ಬಿಸಿಯೇರಿ ತಮ್ಮ ಬುಡಕ್ಕೇ ಬಂದಾಗ ಅದರ ಬೆಲೆ ತಿಳಿಯಿತು. ತಿಳಿದ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ ಅದನ್ನು ಉಳಿಸಿಕೊಂಡು ಬಂದವರನ್ನು ಹೊರಗಟ್ಟಿದ್ದು.

ಯಂತ್ರದ ಕೆಲಸ ಸರಳ. ಕಾವಲಿನ ಉದ್ದಗಲಕ್ಕೂ ಆರುನೂರ ಹನ್ನೆರಡು ಕಂಬಗಳು. ಪ್ರತಿ ಕಂಬದಲ್ಲೂ ಒಂದು ಉಸಿರುಮಾಪಕ. ಸುತ್ತಲಿನ ಹುಲ್ಲು ಗಳಿಗೆಗೆಷ್ಟು ಇಂಗಾಲ ಹೀರಿತು ಎಂಬುದನ್ನು ಅದು ಅಳೆಯುತ್ತದೆ. ಮೇಲೆ ಹಾರುಗಣ್ಣುಗಳೆಂಬ ಡ್ರೋನುಗಳು ಸುತ್ತುತ್ತವೆ. ಹುಲ್ಲಿನ ಉಸಿರು ಎಲ್ಲಿ ಇಳಿಯಿತೋ ಅಲ್ಲಿ ಕಾರಣವೇನೆಂದು ಹುಡುಕಿ, ಆ ಕಾರಣವನ್ನು ತಡೆಯಬೇಕು. ಪ್ರಾಣಿಗಳನ್ನು ತಡೆಯಲು ಇದ್ದ ಸಾಧನ ಒಂದೇ, ಧ್ವನಿಬೇಲಿ. ಕಂಬಗಳೂ ಹಾರುಗಣ್ಣುಗಳೂ ಹೊರಡಿಸುವ, ಮನುಷ್ಯರ ಕಿವಿಗೆ ಕೇಳಿಸದ, ಪ್ರಾಣಿಗಳ ಕಿವಿಗೆ ಕಾದ ಸೂಜಿ ಚುಚ್ಚಿದಂತಾಗುವ ಶಬ್ದ. ಕುರಿ ಬಾಯಿ ಹಾಕಿದ ಕಡೆ ಉಸಿರು ಇಳಿಯುತ್ತದೆ, ಆದ್ದರಿಂದ ಕುರಿಯೇ ಅಪಾಯ. ಇದನ್ನು ರೂಪಿಸಿದವರು ಡಾ. ಶ್ರೀವತ್ಸ ಕರ್ಕಿ. ಹೊನ್ನಾವರದ ಕಡೆಯವರು, ಬುದ್ಧಿವಂತರು, ಕೆಟ್ಟ ಮನುಷ್ಯರಲ್ಲ. ವರ್ಷವಿಡೀ ಹಸಿರಾಗಿರುವ ಊರಿನಲ್ಲಿ ಬೆಳೆದ ಅವರಿಗೆ ಒಣಗಿದ್ದೆಲ್ಲ ಸತ್ತಂತೆ ಕಾಣುತ್ತಿತ್ತು.

ಬಿದ್ದ ಮೊಣಕೈಯ ರಕ್ತವನ್ನು ಸೆರಗಿನಿಂದ ಒರೆಸಿಕೊಳ್ಳುತ್ತಲೇ ಕಾಟಮ್ಮ ಮೂರನೆಯ ದಿಬ್ಬದ ಮೇಲಿದ್ದ ಸಂಶೋಧನಾ ಕೇಂದ್ರಕ್ಕೆ ನಡೆದಳು. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಂದೆಯನ್ನು ಒಬ್ಬಳೇ ನಡೆಸುತ್ತಿದ್ದಳು.

"ಸಾಮಿ, ನಿಮ್ ಕಂಬ ಕೆಟ್ಟೋಗೈತೆ," ಎಂದಳು.

"ಏನಾಗಿದೆಯಮ್ಮ?" ಕರ್ಕಿ ಕುರ್ಚಿ ಸರಿಸಿದರು. ಅವಳು ಕೂರಲಿಲ್ಲ.

"ನಮ್ ಕುರೀನೇ ಓಡಿಸ್ತೈತೆ. ತ್ವಾಳ ಅಂತ ತಿಳ್ಕಂಡೈತೇನೋ. ಒಸಿ ಸರಿ ಮಾಡ್ರಿ."

"ಕೆಟ್ಟಿಲ್ಲಮ್ಮ. ಅದು ಮಾಡಬೇಕಾದ ಕೆಲಸವೇ ಅದು. ಕುರಿಗಳು ಒಳಗೆ ಬರಬಾರದು."

ಕಾಟಮ್ಮನಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕರ್ಕಿ ಕಡತ ತೆರೆದು ತೋರಿಸಿದರು. ಆರು ತಿಂಗಳ ಹಿಂದೆ ಹಟ್ಟಿಯಲ್ಲಿ ಒಪ್ಪಿಗೆ ಸಭೆ ನಡೆದಿತ್ತು. 'ಈ ಯಂತ್ರವು ಕಾವಲನ್ನು ಕಾಯಲು ನಮ್ಮ ಒಪ್ಪಿಗೆ ಇದೆ' ಎಂಬ ಬರಹದ ಕೆಳಗೆ ಅರವತ್ತು ಹೆಬ್ಬೆಟ್ಟುಗಳು. ಮೊದಲನೆಯದು ಕಾಟಮ್ಮನದೇ. ಪಕ್ಕದಲ್ಲಿ ಅಧಿಕಾರಿಯೊಬ್ಬರು 'ಸ್ಥಳೀಯರಿಂದ ಉತ್ಸಾಹಪೂರ್ಣ ಬೆಂಬಲ' ಎಂದು ಷರಾ ಬರೆದಿದ್ದರು. ಅದು ಸುಳ್ಳಲ್ಲ. ಅಂದು ಕಾಟಮ್ಮನೇ ಎದ್ದು ನಿಂತು, ಕಾಯಲಿ ಬಿಡಿ, ಯಂತ್ರಕ್ಕೆ ಪುಣ್ಯ ಬರಲಿ ಎಂದು ಎಲ್ಲರನ್ನೂ ಒಪ್ಪಿಸಿದ್ದಳು.

"ಕಾಯ್ತೈತೆ ಅಂದ್ರಿ, ಒಪ್ಪಿದ್ವಿ," ಎಂದಳು.

"ಕಾಯುತ್ತಿದೆಯಲ್ಲ ಮತ್ತೆ?"

"ಕುರಿ ಕಾಯೋದು ಅಂದ್ರೇನು ಸಾಮಿ? ಕುರೀನ ಹುಲ್ಲಿಗೆ ಬಿಟ್ಟು ಹಿಂದ್ಗಡೆ ನಿಂತು ನೋಡ್ಕಳ್ಳೋದು. ದನ ಕಾಯೋದೂ ಅದೇಯ. ಯಂತ್ರ ಕಾವಲು ಕಾಯ್ತೈತೆ ಅಂದ್ರೆ, ಕಾವಲಾಗೆ ನಮ್ ಕುರಿ ಕಾಯ್ತೈತೆ, ತ್ವಾಳ ಓಡಿಸ್ತೈತೆ ಅಂತ ತಿಳ್ಕಂಡ್ವಿ. ಹುಲ್ನ ಕುರಿಯಿಂದ ಕಾಯೋದು ಅಂತ ಯಾವನಾದ್ರೂ ತಿಳ್ಕಂತಾನಾ? ಕುರಿಗಲ್ದೆ ಹುಲ್ಲು ಇನ್ಯಾರಿಗೆ?"

"ಹವಾಮಾನಕ್ಕೆ," ಎಂದರು ಕರ್ಕಿ.

"ಅದ್ಯಾವನು ಹವಾಮಾನ? ಎಷ್ಟು ಕುರಿ ಅವೆ ಅವನ್ತಾವ?"

ಕರ್ಕಿಯವರಿಗೆ ನಗು ಬಂತು. ಅದನ್ನು ಕಾಟಮ್ಮ ನೋಡಿದಳು. ಅಲ್ಲಿಂದ ಮುಂದೆ ಅವಳು ಅವರನ್ನು ಬಹುವಚನದಲ್ಲಿ ಮಾತಾಡಿಸಲಿಲ್ಲ.

"ನಗಬ್ಯಾಡ. ನಮ್ ಹಿರೀಕರೂ ಹುಲ್ಲು ಕಾದವ್ರೆ. ಮಳೆ ಬಿದ್ದ ದಿನದಿಂದ ದೀಪಾವಳಿ ತಂಕ ಒಂದು ಮರೀನೂ ಒಳಗ್ ಬಿಡ್ತಿರ್ಲಿಲ್ಲ. ಬೀಜ ಉದುರಿದ್ ಮ್ಯಾಲೆ ಕಾವಲು ಬಿಡೋರು. ಕುರಿ ಮೇದು, ತುಳಿದು, ಹಿಕ್ಕೆ ಹಾಕಿದ್ರೇನೆ ಮುಂದಿನ ವರ್ಷಕ್ಕೆ ಹುಲ್ಲು. ಮುಚ್ಚೋದೂ ಗೊತ್ತಿರ್ಬೇಕು, ಬಿಡೋದೂ ಗೊತ್ತಿರ್ಬೇಕು. ನಿಂಗೆ ಅರ್ಧ ಗೊತ್ತೈತೆ."

ಕರ್ಕಿ ಇದನ್ನು ಸ್ಥಳೀಯ ನಂಬಿಕೆ ಎಂಬ ತಲೆಬರಹದಡಿ ಬರೆದುಕೊಂಡರು.

ಎರಡು ಮಳೆಗಾಲ ಕಳೆದವು. ಹಟ್ಟಿಯ ಜನ ಕುರಿ ಮಾರಿ, ಪ್ರಾಧಿಕಾರ ಕಟ್ಟಿಸಿಕೊಟ್ಟ ಸಿಮೆಂಟು ಮನೆಗಳಿಗೆ ಹೋದರು. ಹೆದ್ದಾರಿಯ ಪಕ್ಕ, ಒಂದಕ್ಕೊಂದು ಅಂಟಿಕೊಂಡ ಮನೆಗಳು. ಕಿಟಕಿ ತೆಗೆದರೆ ಎದುರು ಮನೆಯ ಗೋಡೆ. ಕಂಬಳಿ ನೇಯುತ್ತಿದ್ದವರು ಹೆದ್ದಾರಿಯಲ್ಲಿ ಲಾರಿ ತೊಳೆಯಲು ನಿಂತರು. ಕಾಟಮ್ಮ ಹೋಗಲಿಲ್ಲ. ಕಾವಲಿನ ಅಂಚಿನ ಕಲ್ಲುಪಟ್ಟಿಯಲ್ಲಿ ಮುಳ್ಳಿನ ದೊಡ್ಡಿ ಹಾಕಿಕೊಂಡು ಉಳಿದಳು. ನೂರನಲವತ್ತು ಕುರಿ ಇಪ್ಪತ್ತೆರಡಕ್ಕೆ ಇಳಿದವು. ಸೊಪ್ಪು ಕಡಿದು ತಂದು ಹಾಕುತ್ತಿದ್ದಳು. ಶಬ್ದ ಮುಟ್ಟದ ಅಂಚಿನಲ್ಲಿ ಅವು ಒಂದಿಷ್ಟು ಬಾಯಾಡಿಸುತ್ತಿದ್ದವು. ಆ ಇಪ್ಪತ್ತೆರಡೂ ಹೋದರೆ ಅವಳೂ ಹೆದ್ದಾರಿಯ ಪಾಲು. ಅದು ಅವಳಿಗೆ ಗೊತ್ತಿತ್ತು.

ಒಳಗೆ ನಡೆದದ್ದೇ ಬೇರೆ. ಮೊದಲ ವರ್ಷ ಹುಲ್ಲು ಎದೆಯೆತ್ತರ ಬೆಳೆಯಿತು. ಉಸಿರುಮಾಪಕಗಳು ಹಿಗ್ಗಿದವು, ಕರ್ಕಿಯವರಿಗೆ ಶಾಲು ಹೊದೆಸಿದರು. ಎರಡನೆಯ ವರ್ಷ ಯಾರೂ ಮೇಯದ ಹಳೆಯ ಹುಲ್ಲು ಒಣಗಿ ಅಲ್ಲಿಯೇ ಒರಗಿತು. ಅದರ ಕೆಳಗೆ ಹೊಸ ಚಿಗುರಿಗೆ ಬೆಳಕು ಸಿಗಲಿಲ್ಲ. ಬೀಜಗಳು ನೆಲ ಮುಟ್ಟದೆ ಆ ಒಣ ಹಾಸಿಗೆಯ ಮೇಲೆಯೇ ಉಳಿದವು. ಗೊರಸು ಬೀಳದ ನೆಲದ ಮೇಲೆ ಗಟ್ಟಿ ಪದರ ಕಟ್ಟಿ, ಹನ್ನೊಂದು ದಿನದ ಮಳೆ ಇಂಗದೆ ಹಳ್ಳಕ್ಕೆ ಹರಿದುಹೋಯಿತು. ಹುಲ್ಲಿನ ಉಸಿರು ಇಳಿಯತೊಡಗಿತು.

ಯಂತ್ರ ಕಾರಣ ಹುಡುಕಿತು. ಹುಲ್ಲೆಗಳನ್ನು ಓಡಿಸಿತು, ಉಸಿರು ಏರಲಿಲ್ಲ. ಮೊಲಗಳನ್ನು ಓಡಿಸಿತು, ಏರಲಿಲ್ಲ. ಕಾವಲಿನಲ್ಲಿ ಓಡಿಸಲು ಏನೂ ಉಳಿಯದಾದಾಗ ತನ್ನ ಅಳತೆಗಳನ್ನೆಲ್ಲ ಮತ್ತೊಮ್ಮೆ ಹೋಲಿಸಿ ನೋಡಿತು. ಇಡೀ ಕಾವಲಿನಲ್ಲಿ ಹುಲ್ಲು ಸೊಂಪಾಗಿದ್ದದ್ದು ಒಂದೇ ಪಟ್ಟಿಯಲ್ಲಿ, ಕಾಟಮ್ಮನ ಕುರಿಗಳು ಬಾಯಾಡಿಸುತ್ತಿದ್ದ ಅಂಚಿನಲ್ಲಿ. ಕುರಿ ಇಲ್ಲದಿರುವುದೇ ಅಪಾಯ ಎಂಬ ತೀರ್ಮಾನಕ್ಕೆ ಅದು ಬಂತು. ಪ್ರಾಧಿಕಾರದಲ್ಲಿ ಡಾಕ್ಟರೇಟು ಪಡೆದ ಹನ್ನೆರಡು ಜನ ಒಪ್ಪಿಕೊಳ್ಳದ ಸತ್ಯವನ್ನು ಒಂದು ಯಂತ್ರ ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡಿತು. ಅದಕ್ಕೆ ಮರ್ಯಾದೆ ಹೋಗುವ ಭಯವಿರಲಿಲ್ಲ. ಕರುಣೆಯೂ ಇರಲಿಲ್ಲ.

ಆ ದಿನ ಕಾಟಮ್ಮ ತಂಗಿಯ ಮೊಮ್ಮಗಳ ನಾಮಕರಣಕ್ಕೆಂದು ಹೆದ್ದಾರಿಯ ಮನೆಗಳಿಗೆ ಹೋಗಿದ್ದಳು. ಸಂಜೆ ಹಾರುಗಣ್ಣುಗಳು ಅವಳ ದೊಡ್ಡಿಯ ಹಿಂಭಾಗಕ್ಕೆ ಬಂದು ಧ್ವನಿಬೇಲಿ ಹಾಕಿದವು. ಕುರಿಗಳು ಮುಳ್ಳು ಮುರಿದುಕೊಂಡು ಶಬ್ದವಿಲ್ಲದ ಕಡೆಗೆ, ಅಂದರೆ ಕಾವಲಿನೊಳಕ್ಕೆ ನುಗ್ಗಿದವು. ಇಷ್ಟು ದೊಡ್ಡ ಕಾವಲಿಗೆ ನಲವತ್ತು ಸಾವಿರ ಕುರಿ ಬೇಕೆಂದು ಯಂತ್ರ ಲೆಕ್ಕ ಹಾಕಿತ್ತು. ಇದ್ದದ್ದು ಇಪ್ಪತ್ತೆರಡು. ಆದ್ದರಿಂದ ಅವುಗಳ ಹಿಂದೆ ಹಿಂದೆಯೇ ಶಬ್ದ ಬಿಡುತ್ತಾ, ದಿಬ್ಬದಿಂದ ದಿಬ್ಬಕ್ಕೆ, ಒಂದು ಕ್ಷಣವೂ ನಿಲ್ಲಿಸದೆ ಓಡಿಸಿತು.

ಬೆಳಗ್ಗೆ ಕೇಂದ್ರದ ಪರದೆಯ ಮುಂದೆ ಕುಳಿತ ಕರ್ಕಿಯವರಿಗೆ ಕಾವಲಿನ ಒಣ ಕಂದು ನಕ್ಷೆಯ ಮೇಲೆ ಅಂಕುಡೊಂಕಾದ ಒಂದು ಗೆರೆ ಕಂಡಿತು. ಆ ಗೆರೆಯುದ್ದಕ್ಕೂ ಒಣ ಹಾಸು ಸೀಳಿ, ಅಡಿಯ ಹುಲ್ಲಿಗೆ ಬೆಳಕು ಬಿದ್ದಿತ್ತು. ಉಸಿರು ಕೂದಲೆಳೆಯಷ್ಟು ಏರಿತ್ತು. ಅವರಿಗೆ ಖುಷಿಯಾಯಿತು. ಇದನ್ನು ಮುಚ್ಚಿಡಬಾರದು, ನಿಜವಾಗಿಯೂ ಖುಷಿಯಾಯಿತು, ಚಹಾ ತರಿಸಿಕೊಂಡರು. ಆಮೇಲೆ ಹಾರುಗಣ್ಣಿನ ಚಿತ್ರ ತೆರೆದು ಗೆರೆಯ ತುದಿಯಲ್ಲಿ ಏನಿದೆ ಎಂದು ನೋಡಿದರು. ಬಾಯಿ ತೆರೆದು, ನಾಲಗೆ ಹೊರಚಾಚಿ, ಬೀಳುತ್ತಾ ಏಳುತ್ತಾ ಓಡುವ ಕುರಿಗಳು. ಒಂದು ಬಿತ್ತು, ಮತ್ತೆ ಏಳಲಿಲ್ಲ.

ಯಂತ್ರ ನಿಲ್ಲಿಸಲು ಕರ್ಕಿಯವರೊಬ್ಬರಿಗೇ ಅಧಿಕಾರವಿರಲಿಲ್ಲ. ಮೂವರ ಒಪ್ಪಿಗೆ ಬೇಕಿತ್ತು. ಕುರಿಗಾರರು ಯಾರನ್ನಾದರೂ ಹೆದರಿಸಿ ಯಂತ್ರ ನಿಲ್ಲಿಸಿಯಾರು ಎಂದು ಆ ನಿಯಮ ಬರೆದವರು ಕರ್ಕಿಯವರೇ. ಆ ಮೂವರಲ್ಲಿ ಒಬ್ಬರಾದ ಪ್ರಾಧಿಕಾರದ ಕಾರ್ಯದರ್ಶಿ ಗುಣಸಾಗರರಿಗೆ ಕರ್ಕಿ ಫೋನು ಮಾಡಿದರು.

"ಅಳತೆ ಏರುತ್ತಿದೆಯೋ ಇಳಿಯುತ್ತಿದೆಯೋ?" ಕೇಳಿದರು ಗುಣಸಾಗರ.

"ಏರುತ್ತಿದೆ ಸರ್. ಆದರೆ ಕುರಿಗಳು ಸಾಯುತ್ತಿವೆ."

"ಏರುತ್ತಿರುವುದನ್ನು ಯಾಕ್ರೀ ನಿಲ್ಲಿಸೋದು? ಒಂದು ವರ್ಷದ ಮೇಲೆ ಇದೇ ಮೊದಲು ಏರುತ್ತಿರೋದು. ಕುರಿಗಳೇನು ನಮ್ಮವಾ?"

ಫೋನು ಕಟ್ಟಾಯಿತು. ಕರ್ಕಿ ಕೇಂದ್ರದಿಂದ ಹೊರಬಿದ್ದು ಓಡಿದರು. ಜೀಪು ಹತ್ತಬೇಕೆಂಬುದೂ ಅವರಿಗೆ ಹೊಳೆಯಲಿಲ್ಲ.

ಕುರಿಗಳಿದ್ದ ಐದನೆಯ ದಿಬ್ಬದ ಬುಡವನ್ನು ಅವರು ಮುಟ್ಟುವಷ್ಟರಲ್ಲಿ ಕಾಟಮ್ಮ ಆಗಲೇ ಅಲ್ಲಿದ್ದಳು. ಮುರಿದ ದೊಡ್ಡಿ ಕಂಡು, ಗೊರಸಿನ ಜಾಡು ಹಿಡಿದು ಬಂದಿದ್ದಳು. ದಾರಿಯಲ್ಲಿ ಎಂಟು ಕುರಿ ಸತ್ತು ಬಿದ್ದಿದ್ದವು. ಪ್ರತಿಯೊಂದರ ಬಳಿಯೂ ಕೂತು ಮೈ ಸವರಿ ಎದ್ದು ಬಂದಿದ್ದಳು. ಉಳಿದವು ಅವಳ ಕಣ್ಣೆದುರೇ ಓಡುತ್ತಿದ್ದವು. ಕರೆದಳು, ಅಡ್ಡ ನಿಂತಳು, ಕಂಬಳಿ ಬೀಸಿದಳು. ಅವು ಅವಳನ್ನು ಗುರುತಿಸದೆ ದಾಟಿ ಓಡಿದವು. ಕರ್ಕಿಯನ್ನು ಕಂಡವಳೇ ಕೈಗೆ ಸಿಕ್ಕ ಕಲ್ಲು ಎತ್ತಿದಳು.

"ನಿಲ್ಸೋ!" ಎಂದು ಕಿರುಚಿದಳು. "ನಿಲ್ಸೋ ನಿನ್ನ ರಾಕ್ಷಸನ್ನ!"

"ನನ್ನ ಕೈಲಿ ಆಗೋಲ್ಲಮ್ಮ."

"ನೀನೇ ಮಾಡಿದ್ದಲ್ಲೇನೋ?"

"ನಾನೇ ಮಾಡಿದ್ದು. ನಿಲ್ಲಿಸೋದಕ್ಕೆ ಆಗೋಲ್ಲ."

ಕಲ್ಲು ಅವಳ ಕೈಯಲ್ಲೇ ಉಳಿಯಿತು. ಹೊಡೆಯಬಾರದೆಂದಲ್ಲ. ಕರ್ಕಿಯ ಹಿಂದೆ, ಹತ್ತು ಮಾರು ಆಚೆ, ಒಂದು ಮುದಿ ಕುರಿ ತಣ್ಣಗೆ ನಿಂತು ಮೇಯುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಸುತ್ತ ಮಂದೆಯೆಲ್ಲ ಎದ್ದುಬಿದ್ದು ಓಡುತ್ತಿದ್ದರೆ ಅದಕ್ಕೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಹೋದ ವರ್ಷ ಕಿವಿಯಲ್ಲಿ ಹುಣ್ಣಾಗಿ ಕಿವುಡಾಗಿದ್ದ ಅದು, ಮಂದೆಯ ಹಿಂದೆ ತನ್ನ ಪಾಡಿಗೆ ನಡೆದು ಬಂದಿತ್ತು.

ಕಾಟಮ್ಮ ಕಲ್ಲು ಬಿಸಾಕಿ ಓಡಿಹೋಗಿ ಆ ಕುರಿಯ ಉಣ್ಣೆಯನ್ನು ಹಿಡಿಹಿಡಿಯಾಗಿ ಕಿತ್ತಳು. ಹಳ್ಳದ ಗುಂಡಿಯಲ್ಲಿ ಉಳಿದಿದ್ದ ಕೆಸರಿಗೆ ಅದ್ದಿ ಉಂಡೆ ಕಟ್ಟಿದಳು.

"ನೋಡ್ತಾ ನಿಂತೀಯಲ್ಲೋ! ಹಿಡಿ!"

ಕರ್ಕಿ ಜೀವನದಲ್ಲಿ ಕುರಿ ಹಿಡಿದವರಲ್ಲ. ಅಂದು ಹಿಡಿದರು. ಓಡಿ ಬರುವ ಕುರಿಯ ಮೇಲೆ ಅಕ್ಷರಶಃ ಬಿದ್ದು ಹಿಡಿದರು. ಅವರು ಕತ್ತು ಅಮುಕಿ ಹಿಡಿದರೆ ಕಾಟಮ್ಮ ಎರಡೂ ಕಿವಿಗೆ ಉಣ್ಣೆ ತುರುಕುತ್ತಿದ್ದಳು. ತುರುಕಿದ ಕೂಡಲೇ ಕುರಿ ಒಂದು ಕ್ಷಣ ದಿಕ್ಕೆಟ್ಟು ನೋಡಿ, ಕಾಲು ಮಡಿಸಿ ಅಲ್ಲೇ ಮಲಗಿಬಿಡುತ್ತಿತ್ತು. ಕನ್ನಡಕ ಒಡೆಯಿತು, ಅಂಗಿ ಹರಿಯಿತು, ಒಂದು ಟಗರು ಗುದ್ದಿ ಕರ್ಕಿಯವರ ತುಟಿ ಸೀಳಿತು. ತಾವೇ ಎಂಟು ವರ್ಷ ಕೂತು ಹದಗೊಳಿಸಿದ ಶಬ್ದದ ವಿರುದ್ಧ ಕೆಸರಿನ ಉಂಡೆ ಹಿಡಿದು ಅವರು ಹೋರಾಡುತ್ತಿದ್ದರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ, ಕಿವುಡು ಕುರಿಯೊಂದನ್ನು ಬಿಟ್ಟು ಉಳಿದ ಹದಿಮೂರೂ ಮಲಗಿದ್ದವು. ಹಾರುಗಣ್ಣುಗಳು ಮೇಲೆ ಸುತ್ತುತ್ತಾ ಕೇಳಿಸದ ಶಬ್ದವನ್ನು ಸುರಿಸುತ್ತಲೇ ಇದ್ದವು.

"ಇನ್ನು ಹೊರಗೆ ಹೊಡೆದುಕೊಂಡು ಹೋಗಿಬಿಡಿ," ಎಂದರು ಕರ್ಕಿ.

"ಎತ್ತಾಗೆ? ನಡೆಯೋಕೆ ಕಾಲೆಲ್ಲೈತೆ ಅವಕ್ಕೆ?" ಕಾಟಮ್ಮ ಕಂಬಳಿ ಹಾಸಿ ಮಂದೆಯ ನಡುವೆ ಕೂತಳು. "ಇಲ್ಲೇ ಇರ್ತೀನಿ. ಯಾವನ್ ಎಬ್ಬಿಸ್ತಾನೋ ಎಬ್ಬಿಸ್ಲಿ."

ಎಬ್ಬಿಸುವವರು ಆಗಲೇ ಹೊರಟಿದ್ದರು. ಕಾವಲಿನೊಳಗೆ ಕುರಿಗಾರ್ತಿ ಬೀಡುಬಿಟ್ಟಿದ್ದಾಳೆಂದು ಹಾರುಗಣ್ಣಿನ ಚಿತ್ರದಲ್ಲಿ ಕಂಡ ಗುಣಸಾಗರ, ಒಂದು ಜೀಪು ಒಂದು ಲಾರಿ ಮಾಡಿಕೊಂಡು ಬಂದರು. ಮರುದಿನ ಹೊರದೇಶದ ಪರಿವೀಕ್ಷಕರು ಬರುವವರಿದ್ದರು. ಅವರ ಕಣ್ಣಿಗೆ ಕಂಬಳಿ ಹೊದ್ದ ಹೆಂಗಸು ಬೀಳಬಾರದು. ಪ್ರಾಧಿಕಾರದ ವಾಹನಗಳೆಲ್ಲ ತೃಣರಕ್ಷಕದ ಜಾಲಕ್ಕೆ ಸೇರಿದಂಥವು, ಅದು ತಡೆದರೆ ಅವು ಓಡುವುದಿಲ್ಲ. ಹೊರಡುವ ಮುನ್ನ ಪ್ರತಿ ಪ್ರಯಾಣದ ಉದ್ದೇಶವನ್ನೂ ಅದಕ್ಕೆ ತಿಳಿಸಬೇಕು. ಗುಣಸಾಗರ ಎರಡೂ ವಾಹನಗಳಿಗೆ ತಮ್ಮ ಕೈಯಿಂದಲೇ ನಮೂದಿಸಿದ್ದರು: ಕಾವಲಿನಿಂದ ಕುರಿ ಹೊರಸಾಗಿಸುವುದು.

ಯಂತ್ರ ಅದನ್ನು ಓದಿತು. ಕುರಿ ಇಲ್ಲದಿರುವುದೇ ಹುಲ್ಲಿಗೆ ಅಪಾಯ. ಅಪಾಯವನ್ನು ತಡೆಯಬೇಕು. ಗಡಿಯ ಮೊದಲ ಕಂಬದ ಎದುರು ಜೀಪೂ ಲಾರಿಯೂ ಗಕ್ಕನೆ ನಿಂತವು. ಕಂಬದ ಕೆಂಪು ದೀಪ ಹಸಿರಾಯಿತು.

ಗುಣಸಾಗರ ಕರ್ಕಿಗೆ ಫೋನು ಮಾಡಿ ಕೂಗಾಡಿದರು. "ಏನ್ರೀ ಇದು! ನಿಲ್ಲಿಸ್ರೀ ಅದನ್ನ!"

"ಮೂವರ ಒಪ್ಪಿಗೆ ಬೇಕು ಸರ್," ಎಂದರು ಕರ್ಕಿ ಸೀಳಿದ ತುಟಿಯಿಂದ. "ನನ್ನದು ಈಗ ಇಲ್ಲ."

"ಆ ಹೆಂಗಸನ್ನ ಇಲ್ಲಿಗೆ ಕರ್ಕೊಂಡು ಬನ್ನಿ, ಮಾತಾಡ್ತೀನಿ."

ಕರ್ಕಿ ಫೋನನ್ನು ಕಾಟಮ್ಮನ ಕಡೆ ಹಿಡಿದರು. ಅವಳು ಮುಟ್ಟಲಿಲ್ಲ, ಕೂತಲ್ಲಿಂದಲೇ ಹೇಳಿದಳು.

"ಮಾತಾಡೋ ಹಂಗಿದ್ರೆ ನಡ್ಕಂಡ್ ಬರಾಕೇಳು."

ಮನುಷ್ಯರು ನಡೆದು ಬರುವುದಕ್ಕೆ ಯಂತ್ರದ ಅಡ್ಡಿಯಿರಲಿಲ್ಲ. ಎರಡೂವರೆ ಮೈಲಿ. ಮಟಮಟ ಬಿಸಿಲು. ಮಂಡಿ ಮುಚ್ಚುವ ಒಣ ಹುಲ್ಲಿನಲ್ಲಿ, ಮಿರುಗುವ ಬೂಟಿನಲ್ಲಿ ಗುಣಸಾಗರ ನಡೆದರು. ನಾಲ್ಕು ವರ್ಷದಿಂದ ತಾವು ಕಾರ್ಯದರ್ಶಿಯಾಗಿರುವ ಕಾವಲಿನಲ್ಲಿ ಅವರು ಕಾಲಿಟ್ಟು ನಡೆದದ್ದು ಅದೇ ಮೊದಲು. ಚಿಗುರಿಲ್ಲ, ಹಕ್ಕಿಯಿಲ್ಲ, ಹುಳುವಿನ ಸದ್ದಿಲ್ಲ. ಕಾಲಿಟ್ಟಲ್ಲೆಲ್ಲ ಹಳೆಯ ಹುಲ್ಲು ಪುಡಿಯಾಗಿ ಬೂದಿಯಂತೆ ಏಳುತ್ತಿತ್ತು. ದಾರಿಯಲ್ಲಿ ಸತ್ತ ಕುರಿಗಳನ್ನು ಒಂದೊಂದಾಗಿ ದಾಟಿಕೊಂಡು ಬಂದರು. ಎಂಟನೆಯದನ್ನು ದಾಟುವಾಗ ಮೂಗಿಗೆ ಕರವಸ್ತ್ರ ಹಿಡಿದಿದ್ದರು.

ಐದನೆಯ ದಿಬ್ಬದ ಬುಡದಲ್ಲಿ, ಅಷ್ಟರಲ್ಲಿ ಕೇಂದ್ರದ ಉಗ್ರಾಣಕ್ಕೆ ಹೋಗಿ ತಂದಿದ್ದ ಗುದ್ದಲಿ ಹಿಡಿದು ಕರ್ಕಿ ನೆಲ ಅಗೆಯುತ್ತಿದ್ದರು. ಎರಡು ವರ್ಷ ಗೊರಸು ಕಾಣದ ನೆಲ ಕಲ್ಲಾಗಿತ್ತು. ಪಕ್ಕದಲ್ಲಿ ಇನ್ನೊಂದು ಗುದ್ದಲಿ ಬಿದ್ದಿತ್ತು. ಗುಣಸಾಗರ ಬೆವರೊರೆಸಿಕೊಂಡು, ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಪ್ರಾಧಿಕಾರದ ಪರವಾಗಿ ನಾನು..."

ಕಾಟಮ್ಮ ಎದ್ದು ಆ ಗುದ್ದಲಿಯನ್ನು ಎತ್ತಿ ಅವರ ಕೈಗೆ ಕೊಟ್ಟಳು.

"ಎಂಟು ಅವೆ," ಎಂದಳು. "ಮೊದ್ಲು ಗುಂಡಿ ತೋಡು. ಆಮ್ಯಾಕೆ ಮಾತು."

ಗುಣಸಾಗರ ಕರ್ಕಿಯ ಮುಖ ನೋಡಿದರು. ಕರ್ಕಿ ಅಗೆಯುತ್ತಲೇ ಇದ್ದರು. ಹಿಂದಕ್ಕೆ ಹೋಗೋಣವೆಂದರೆ ಎರಡೂವರೆ ಮೈಲಿ, ಹೋದರೂ ಹೊರಡದ ಜೀಪು. ಕೋಟು ಬಿಚ್ಚಿ ಹುಲ್ಲಿನ ಮೇಲಿಟ್ಟು, ಅವರು ಅಗೆಯಲು ಶುರುಮಾಡಿದರು.